ಕಿಟ್ ಕಟ್ಟಿದ್ದಾಯಿತು, ಉಳಿದದ್ದು ಎಲ್ಲಿ?

ಪ್ರಶ್ನೆ: ಹತ್ತು ವರ್ಷ ಡೋಲಕ್ ನುಡಿಸಿದವನು ನಾನು. ಈಗ ನಮ್ಮ ಊರಿನ ಆರ್ಕೆಸ್ಟ್ರಾ ತಂಡದಲ್ಲಿ, ಬಾರಿಸಿದರೆ ಬಗೆಬಗೆಯ ವಾದ್ಯಗಳ ಸದ್ದು ಕೊಡುವ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್‌ಗೆ ಕುಳಿತಿದ್ದೇನೆ. ಇಷ್ಟು ದಿನ ಗೆಳೆಯರೊಬ್ಬರ ಬೇರೆ ಕಂಪನಿಯ ಪ್ಯಾಡ್ ಬಳಸುತ್ತಿದ್ದೆ. ಅದರಲ್ಲಿ ಏನು ಬದಲಾಯಿಸಿದರೂ ತಾನಾಗಿ ಉಳಿಯುತ್ತಿತ್ತು. ಕಳೆದ ತಿಂಗಳು ಯಮಾಹಾ ಡಿಟಿಎಕ್ಸ್-ಮಲ್ಟಿ 12 ಒಂದನ್ನು ಹಳೆಯದಾಗಿಯೇ ಕೊಂಡೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಎರಡು ಗಂಟೆ ಕುಳಿತು, ಪ್ರತಿ ಪ್ಯಾಡಿಗೂ ಬೇಕಾದ ಸದ್ದು ಹೊಂದಿಸಿ ಒಂದು ಕಿಟ್ ಮಾಡಿದೆ. ಮುಂದಿನ ಕಿಟ್‌ಗೆ ಹೋಗಿ ಹಿಂದಿರುಗಿದರೆ ಎಲ್ಲವೂ ಮೊದಲಿನಂತೆ ಇತ್ತು. ಇನ್ನೊಂದು ಕಿಟ್ ಹೇಗೋ ಉಳಿಯಿತು, ಆದರೆ ವೇದಿಕೆಯಲ್ಲಿ ಅದರ ಸದ್ದು ಬರೀ ಗುಮ್ಮೆಂದಿತು. ಜೊತೆಗೆ, ಕೋಲಿನಿಂದ ಒಂದು ಪ್ಯಾಡ್ ಬಾರಿಸಿದರೆ ಪಕ್ಕದ್ದೂ ನುಡಿಯುತ್ತದೆ. ಸದ್ದುಗಳನ್ನು ತಿದ್ದಿ ಉಳಿಸುವ ಸರಿಯಾದ ಕ್ರಮ ಯಾವುದು? ಒಮ್ಮೆ ಫ್ಯಾಕ್ಟರಿ ರಿಸೆಟ್ ಮಾಡಿಬಿಡಲೇ?

ಉತ್ತರ: ಇವತ್ತೇ ರಿಸೆಟ್ ಮಾಡಬೇಡಿ. ಅದಕ್ಕೂ ಒಂದು ಹೊತ್ತಿದೆ, ಕೊನೆಯಲ್ಲಿ ಹೇಳುತ್ತೇನೆ. ನೀವು ಹೇಳಿದ್ದರಲ್ಲಿ ಯಂತ್ರ ಕೆಟ್ಟಿರುವ ಲಕ್ಷಣ ಒಂದೂ ಕಾಣುವುದಿಲ್ಲ. ಕಿಟ್ ಮಾಯವಾದದ್ದು, ವೇದಿಕೆಯಲ್ಲಿ ಗುಮ್ಮೆಂದದ್ದು, ಪಕ್ಕದ ಪ್ಯಾಡ್ ನುಡಿದದ್ದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳು. ಮೂರೂ ಒಂದೇ ವಾರದಲ್ಲಿ ಎದುರಾದದ್ದರಿಂದ ಯಂತ್ರದ ಮೇಲೆಯೇ ಅನುಮಾನ ಬಂದಿದೆ.

ಮೊದಲು ಕಿಟ್ ಮಾಯವಾದ ವಿಷಯ. ನಮ್ಮ ಕಾಲದಲ್ಲಿ ಶಾಲೆಯಲ್ಲಿ ಲೆಕ್ಕವನ್ನು ಸ್ಲೇಟಿನ ಮೇಲೆ ಬಳಪದಿಂದ ಮಾಡಿ, ಮೇಷ್ಟ್ರು ಸರಿ ಎಂದ ಮೇಲೆ ಪುಸ್ತಕಕ್ಕೆ ಇಳಿಸುತ್ತಿದ್ದೆವು. ನಿಮ್ಮ ಯಂತ್ರದ್ದೂ ಅದೇ ಪದ್ಧತಿ. ನೀವು ಒಂದು ಕಿಟ್ ಆರಿಸಿದ ಕೂಡಲೇ ಅದರ ನಕಲೊಂದು ಸ್ಲೇಟಿಗೆ, ಅಂದರೆ ತಾತ್ಕಾಲಿಕ ನೆನಪಿಗೆ ಬರುತ್ತದೆ. ಪ್ಯಾಡ್‌ನ ಸದ್ದು ಬದಲಾಯಿಸಿ, ಶ್ರುತಿ ಏರಿಸಿ, ರಿವರ್ಬ್ (ಯಂತ್ರ ಸೇರಿಸುವ ಮಾರ್ದನಿ) ಇಳಿಸಿ: ಎಲ್ಲವೂ ನಡೆಯುವುದು ಆ ಸ್ಲೇಟಿನ ಮೇಲೆ. ಕಿವಿಗೆ ಕೇಳುವುದೂ ಸ್ಲೇಟಿನ ಮೇಲಿರುವುದೇ. ಹಾಗಾಗಿ ಕೆಲಸ ಮುಗಿಯಿತೆಂದು ಅನಿಸುವುದು ಸಹಜ. ಆದರೆ ಬೇರೆ ಕಿಟ್‌ಗೆ ಹೋದ ಕ್ಷಣವೇ ಹೊಸ ಕಿಟ್ ಬಂದು ಆ ಸ್ಲೇಟಿನ ಮೇಲೆ ಕೂರುತ್ತದೆ, ಹಳೆಯ ಬರಹ ಒರೆಸಿಹೋಗುತ್ತದೆ. ಪುಸ್ತಕಕ್ಕೆ ಇಳಿಸುವ ಕೆಲಸ ಸ್ಟೋರ್ ಬಟನ್‌ನದು. ಆ ಬಟನ್ ಮೇಲೆ ಒಂದು ಕಣ್ಣಿಡಿ. ಏನಾದರೂ ತಿದ್ದಿ ಇನ್ನೂ ಉಳಿಸದೆ ಇದ್ದರೆ ಅದರ ದೀಪ ಹೊತ್ತಿರುತ್ತದೆ. ನಿಮ್ಮ ಎರಡು ಗಂಟೆಯ ರಾತ್ರಿಯಲ್ಲಿ ಆ ದೀಪ ನಿಮ್ಮನ್ನು ಕರೆಯುತ್ತಲೇ ಇತ್ತು. ನೀವು ಕಣ್ಣು ಮುಚ್ಚಿ ಕೇಳುತ್ತಿದ್ದಿರಿ, ಒಳ್ಳೆಯ ವಾದಕರೆಲ್ಲ ಮಾಡುವುದು ಅದನ್ನೇ.

ಗೆಳೆಯರ ಪ್ಯಾಡ್‌ನಲ್ಲಿ ತಾನಾಗಿ ಉಳಿಯುತ್ತಿತ್ತು ಎಂದಿರಿ. ಹೌದು, ಇಂಥ ಸದ್ದಿನ ಯಂತ್ರಗಳಲ್ಲಿ, ಅಂದರೆ ಮಾಡ್ಯೂಲ್‌ಗಳಲ್ಲಿ ಎರಡು ಕುಲಗಳಿವೆ. ಸ್ಟೋರ್ ಅಥವಾ ಸೇವ್ ಬಟನ್ ಒತ್ತಿದರೆ ಮಾತ್ರ ಉಳಿಸುವ ಕುಲ ಒಂದು. ತಿದ್ದಿದ್ದನ್ನೆಲ್ಲ ಕೇಳದೆಯೇ ಉಳಿಸಿಕೊಳ್ಳುವ ಕುಲ ಇನ್ನೊಂದು. ರೋಲ್ಯಾಂಡ್ ಟಿಡಿ-17ರಂಥವು ಈ ಎರಡನೆಯ ಕುಲದವು. ಅಲ್ಲಿ ಪವರ್ ಬಟನ್ ಒತ್ತಿ ಹಿಡಿದು ಆರಿಸಿದಾಗ ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಂಡು ಮಲಗುತ್ತದೆ. ಬಟನ್ ಒತ್ತದೆ ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಆ ದಿನದ ತಿದ್ದುಪಡಿ ಕೈತಪ್ಪಬಹುದು. ಯಾವ ಕುಲ ಮೇಲು ಎಂದು ಕೇಳಿದರೆ ನಾನು ಸ್ಟೋರ್ ಬಟನ್ ಇರುವುದರ ಕಡೆಗೇ ವಾಲುತ್ತೇನೆ. ತಾನಾಗಿ ಉಳಿಸುವ ಯಂತ್ರ ನಿಮ್ಮ ಒಳ್ಳೆಯ ಕೆಲಸವನ್ನು ಉಳಿಸುವಷ್ಟೇ ನಿಷ್ಠೆಯಿಂದ ಕೆಟ್ಟ ಪ್ರಯೋಗವನ್ನೂ ಉಳಿಸುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಹುಡುಗನೊಬ್ಬ ಬಂದು ‘ಇದೇನು ಸರ್’ ಎಂದು ನಾಲ್ಕು ಬಟನ್ ಒತ್ತಿ ಹೋದರೆ, ಸ್ಟೋರ್ ಇರುವ ಯಂತ್ರದಲ್ಲಿ ಕಿಟ್ ಬದಲಾಯಿಸಿ ಮರಳಿದರೆ ಸಾಕು, ನಿಮ್ಮದು ಹಾಗೆಯೇ ಇರುತ್ತದೆ.

ಕೈಗೆ ಬಂದ ಯಂತ್ರ ಯಾವ ಕುಲದ್ದು ಎಂದು ತಿಳಿಯಲು ಕೈಪಿಡಿಯೂ ಬೇಕಿಲ್ಲ. ಒಂದು ಕಿಟ್‌ನಲ್ಲಿ ಒಂದೇ ಪ್ಯಾಡ್‌ನ ವಾಲ್ಯೂಮ್ ಅನ್ನು ಸೊನ್ನೆಗೆ ಇಳಿಸಿ. ಮುಂದಿನ ಕಿಟ್‌ಗೆ ಹೋಗಿ ಬನ್ನಿ. ಪ್ಯಾಡ್ ಮತ್ತೆ ನುಡಿದರೆ ಅದು ಸ್ಟೋರ್ ಕುಲ. ಮೂಕವಾಗಿಯೇ ಇದ್ದರೆ ಸರಿಯಾದ ಕ್ರಮದಲ್ಲಿ ಆರಿಸಿ ಮತ್ತೆ ಹಚ್ಚಿ ನೋಡಿ. ಆಗಲೂ ಮೂಕವಾಗಿದ್ದರೆ ತಾನಾಗಿ ಉಳಿಸುವ ಕುಲ. ಯಾರದೋ ಯಂತ್ರದಲ್ಲಿ ನುಡಿಸಲು ಹೋದಾಗಲೂ ನಾನು ಮೊದಲು ಮಾಡುವುದು ಇದನ್ನೇ. ಮುಗಿದ ಮೇಲೆ ವಾಲ್ಯೂಮ್ ಅನ್ನು ಮೊದಲಿನಂತೆ ಇಟ್ಟು ಬರುವುದನ್ನು ಮಾತ್ರ ಮರೆಯಬಾರದು.

ನಿಮ್ಮ ಯಂತ್ರದಲ್ಲಿ ಕಾರ್ಖಾನೆಯ ಕಿಟ್‌ಗಳು 50, ನಿಮ್ಮವೆಂದು ಬಿಟ್ಟ ಜಾಗಗಳು 200. ಕಾರ್ಖಾನೆಯವುಗಳ ಮೇಲೆ ಬರೆಯಲು ಅದು ಬಿಡುವುದಿಲ್ಲ. ಸ್ಟೋರ್ ಒತ್ತಿದಾಗ ಯೂಸರ್ ಕಿಟ್‌ಗಳಲ್ಲಿ ಎಷ್ಟನೆಯದಕ್ಕೆ ಎಂದು ಕೇಳುತ್ತದೆ. ಇಲ್ಲಿ ಅವಸರ ಬೇಡ. ನೀವು ಸೂಚಿಸುವ ಜಾಗದಲ್ಲಿ ಮೊದಲೇ ಒಂದು ಕಿಟ್ ಇದ್ದರೆ ಅದರ ಕಥೆ ಮುಗಿಯಿತು. ಎಡಿಟ್ ಮಾಡಿ ಮುಗಿದ ಮೇಲೆ ಜಾಗ ಹುಡುಕುವುದಲ್ಲ, ಎಡಿಟ್ ಮಾಡುವ ಮುಂಚೆಯೇ ಹುಡುಕಿ. ಮೊದಲು ಹತ್ತಿರದ ಹೋಲಿಕೆಯ ಕಿಟ್ ಒಂದನ್ನು ಖಾಲಿ ಜಾಗಕ್ಕೆ ಸ್ಟೋರ್ ಮಾಡಿ, ಹೆಸರು ಕೊಟ್ಟು, ಆಮೇಲೆ ಆ ನಕಲಿನ ಮೇಲೆ ಕೆಲಸ ಶುರುಮಾಡಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಅದೇ ಜಾಗಕ್ಕೆ ಸ್ಟೋರ್ ಮಾಡುತ್ತಾ ಹೋಗಿ. ಹೆಸರನ್ನು ರೋಮನ್ ಅಕ್ಷರದಲ್ಲೇ ಬರೆಯಬೇಕು, ಯಂತ್ರಕ್ಕೆ ಕನ್ನಡ ಬಾರದು. ಹಾಡಿನ ಹೆಸರಿಗಿಂತ ಅದರ ನಡೆ ಮತ್ತು ಶ್ರುತಿಯನ್ನು ಹೆಸರಿನಲ್ಲಿ ಸೇರಿಸಿದರೆ ಒಂದೇ ಕಿಟ್ ಹತ್ತು ಹಾಡಿಗೆ ಒದಗುತ್ತದೆ.

ಇನ್ನು ತಿದ್ದುವ ಕೆಲಸ. ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕಿಟ್ ಎಂಬುದು ಸದ್ದುಗಳ ಗಂಟಲ್ಲ, ಸದ್ದುಗಳ ವಿಳಾಸಪಟ್ಟಿ. ‘ಐದನೆಯ ಪ್ಯಾಡ್ ಬಾರಿಸಿದರೆ ಇಂಥ ಸಂಖ್ಯೆಯ ಡೋಲಕ್ ಸದ್ದನ್ನು ತೆಗೆದುಕೋ, ಇಷ್ಟು ಶ್ರುತಿ ಏರಿಸು, ಇಷ್ಟು ಬೇಗ ಅಡಗಿಸು, ಸ್ವಲ್ಪ ಎಡಕ್ಕೆ ಕೇಳಿಸು’ ಎಂಬ ಸೂಚನೆಗಳಷ್ಟೇ ಕಿಟ್‌ನಲ್ಲಿ ಇರುತ್ತವೆ. ಮೂಲ ಸದ್ದು ಬೇರೆ ಕಡೆ ಇದೆ, ಅದನ್ನು ನೀವು ಕೆಡಿಸಲಾರಿರಿ. ಆದ್ದರಿಂದ ಹೆದರದೆ ತಿರುಗಿಸಿ ನೋಡಬಹುದು. ಒಂದು ಕಂಪನಿಯ ಕಿಟ್ ಇನ್ನೊಂದರಲ್ಲಿ ತೆರೆಯದಿರುವುದಕ್ಕೂ ಕಾರಣ ಇದೇ: ವಿಳಾಸ ಕೊಂಡೊಯ್ದರೆ ಆಯಿತೇ, ಆ ಊರಿನಲ್ಲಿ ಆ ಮನೆ ಇರಬೇಕಲ್ಲ. ನೀವೇ ಹೊರಗಿನಿಂದ ತಂದು ತುಂಬಿದ ಸದ್ದನ್ನು ಅಳಿಸಿದರೆ ಅದನ್ನು ನಂಬಿದ ಪ್ಯಾಡ್‌ಗಳು ಮೂಕವಾಗುವುದೂ ಹೀಗೆಯೇ.

ನೀವು ಡೋಲಕ್‌ನಿಂದ ಬಂದವರು, ಡೋಲಕ್ ಕಿಟ್ ನಿಮಗೆ ಬೇಗ ಕೈಹತ್ತುತ್ತದೆ. ಅದರ ಬದಲು ಸ್ವಲ್ಪ ಕಷ್ಟದ ಒಂದನ್ನು, ತಮಟೆಯನ್ನು ಒಟ್ಟಿಗೆ ಕಟ್ಟೋಣ. ನಮ್ಮ ತಮಟೆ ಯಾವ ವಿದೇಶಿ ಯಂತ್ರದಲ್ಲೂ ಸಿದ್ಧವಾಗಿ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಮೊದಲು ನಿಜವಾದ ತಮಟೆಯನ್ನು ನೆನಪಿಸಿಕೊಳ್ಳಿ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ಚರ್ಮ. ಒಂದು ಕೈಯಲ್ಲಿ ಉದ್ದನೆಯ ತೆಳು ಕಡ್ಡಿ, ಇನ್ನೊಂದರಲ್ಲಿ ಗಿಡ್ಡನೆಯ ದಪ್ಪ ಕೋಲು. ದಪ್ಪ ಕೋಲು ನಡುವೆ ಬಿದ್ದಾಗ ಒಂದು ಗಟ್ಟಿ ಪೆಟ್ಟು, ತೆಳು ಕಡ್ಡಿ ಬಿದ್ದಾಗ ಚಟ್ಟೆಂಬ ಸಿಡಿತ. ಎರಡರಲ್ಲೂ ಬಾಲ ಇಲ್ಲ, ಸದ್ದು ಹುಟ್ಟಿದಷ್ಟೇ ಬೇಗ ಸಾಯುತ್ತದೆ.

ಹಾಗಾದರೆ ನಮಗೆ ಬೇಕಾದದ್ದು ಹೊಟ್ಟೆ ಒಂದು, ಚುರುಕು ಒಂದು. ಹೊಟ್ಟೆಗೆ ಟಿಂಬಾಲೆ ಅಥವಾ ಏರು ಶ್ರುತಿಯ ಟಾಮ್ ಎಂಬ ಡ್ರಮ್ಮಿನ ಸದ್ದು ತೆಗೆದುಕೊಳ್ಳಿ. ಹಾಗೆಯೇ ಬಾರಿಸಿ ಕೇಳಿ: ಇಂಪಾಗಿದೆ, ಆದರೆ ಬ್ಯಾಂಡ್‌ಸೆಟ್ಟಿನ ಇಂಪು. ಈಗ ಡಿಕೇ, ಅಂದರೆ ಸದ್ದು ಅಡಗುವ ಹೊತ್ತನ್ನು ಇಳಿಸುತ್ತಾ ಬನ್ನಿ. ಒಂದು ಘಟ್ಟದಲ್ಲಿ ಟಾಮ್‌ನ ಗುಣುಗು ಕಡಿದುಹೋಗಿ ಚರ್ಮದ ಪೆಟ್ಟು ಮಾತ್ರ ಉಳಿಯುತ್ತದೆ. ಅಲ್ಲಿ ನಿಲ್ಲಿ. ಇನ್ನೂ ಇಳಿಸಿದರೆ ರಟ್ಟಿನ ಪೆಟ್ಟಿಗೆ ತಟ್ಟಿದಂತೆ ಆಗುತ್ತದೆ. ಈಗ ಶ್ರುತಿಯನ್ನು ಎರಡು ಅಥವಾ ಮೂರು ಸೆಮಿಟೋನ್ (ಅರ್ಧಸ್ವರ) ಏರಿಸಿ. ಅದೇ ಪ್ಯಾಡ್‌ನ ಎರಡನೆಯ ಪದರಕ್ಕೆ ಮರದ ಪೆಟ್ಟಿನಂಥ ಸದ್ದು ಒಂದನ್ನು ಹಾಕಿ. ಸ್ನೇರ್ ಡ್ರಮ್ಮಿನ ಅಂಚಿನ ಕ್ಲಿಕ್ ಚೆನ್ನಾಗಿ ಒದಗುತ್ತದೆ. ಅದರ ವಾಲ್ಯೂಮ್ ಮೊದಲನೆಯದರ ಅರ್ಧಕ್ಕಿಂತ ಕಡಿಮೆ ಇರಲಿ. ಅದು ಪ್ರತ್ಯೇಕವಾಗಿ ಕೇಳಬಾರದು, ತೆಗೆದಾಗ ಮಾತ್ರ ‘ಏನೋ ಹೋಯಿತು’ ಎನ್ನಿಸಬೇಕು. ಪಕ್ಕದ ಪ್ಯಾಡ್‌ಗೆ ಇದನ್ನೇ ನಕಲು ಮಾಡಿ, ಪದರಗಳ ಪ್ರಮಾಣ ತಲೆಕೆಳಗು ಮಾಡಿದರೆ ತೆಳು ಕಡ್ಡಿಯ ಸಿಡಿತ ಸಿಗುತ್ತದೆ. ನಡುವಿನ ಆರು ದೊಡ್ಡ ಪ್ಯಾಡ್‌ಗಳಲ್ಲಿ ಅಕ್ಕಪಕ್ಕದ ಎರಡನ್ನು ಹೀಗೆ ಇಟ್ಟುಕೊಂಡರೆ ಎರಡು ಕೈಯೂ ತಮಟೆಯವರ ಕೈಯಂತೆಯೇ ಆಡುತ್ತವೆ.

ಇಲ್ಲಿ ಸ್ಟೋರ್.

ನಿಮ್ಮ ಯಂತ್ರದಲ್ಲಿ ಒಂದು ಪ್ಯಾಡ್‌ಗೆ ನಾಲ್ಕು ಸದ್ದುಗಳವರೆಗೆ ಹಾಕಬಹುದು. ಒಟ್ಟಿಗೆ ನುಡಿಸುವುದು ಒಂದು ಕ್ರಮ, ಮೇಲೆ ಮಾಡಿದ್ದು ಅದು. ಪೆಟ್ಟಿಗೊಂದರಂತೆ ಸರದಿಯಲ್ಲಿ ನುಡಿಸುವುದು ಇನ್ನೊಂದು ಕ್ರಮ. ಈ ಎರಡನೆಯದನ್ನು ನಮ್ಮವರು ಬಳಸುವುದೇ ಇಲ್ಲ. ಡೋಲಕ್‌ನಲ್ಲಿ ನೀವು ‘ನಾ’ ಎಂದು ಹತ್ತು ಸಲ ಬಾರಿಸಿದರೆ ಹತ್ತೂ ಕೂದಲೆಳೆಯಷ್ಟು ಬೇರೆ ಬೇರೆ. ಪ್ಯಾಡ್‌ನಲ್ಲಿ ಹತ್ತೂ ಒಂದೇ. ಬೇಗದ ನಡೆಯಲ್ಲಿ ಅದು ಹೊಲಿಗೆ ಯಂತ್ರದಂತೆ ಕೇಳುವುದು ಅದಕ್ಕೇ. ಒಂದೇ ಡೋಲಕ್ ಸದ್ದನ್ನು ಮೂರು ಪದರಗಳಲ್ಲಿ ಇಟ್ಟು, ಎರಡನೆಯದನ್ನು ಐದಾರು ಸೆಂಟ್ ಮೇಲಕ್ಕೆ, ಮೂರನೆಯದನ್ನು ಅಷ್ಟೇ ಕೆಳಕ್ಕೆ ಮಾಡಿ ಸರದಿಗೆ ಬಿಡಿ. ಒಂದು ಸೆಮಿಟೋನ್ ಎಂದರೆ 100 ಸೆಂಟ್, ಐದಾರು ಸೆಂಟನ್ನು ಶ್ರುತಿಭೇದವೆಂದು ಯಾರೂ ಗುರುತಿಸುವುದಿಲ್ಲ. ಆದರೆ ಕೈ ಜೀವಂತವಾಗಿದೆ ಎಂದು ಕಿವಿಗೆ ಗೊತ್ತಾಗುತ್ತದೆ.

ಎಡಗೈಯ ಗುಮ್ಕಿ, ಅಂದರೆ ಚರ್ಮ ಒತ್ತಿ ಜಾರಿಸಿ ತೆಗೆಯುವ ಮಂದ್ರದ ಸದ್ದು, ನಿಮಗೆ ತಲೆನೋವು ಕೊಟ್ಟಿರಬೇಕು. ಬಿಟ್ಟ ಸದ್ದು ಒಂದು ಪ್ಯಾಡ್‌ನಲ್ಲಿ, ಮುಚ್ಚಿದ್ದು ಇನ್ನೊಂದರಲ್ಲಿ ಇಟ್ಟರೆ ಎರಡೂ ಒಂದರ ಮೇಲೊಂದು ಹೊರಳಿ ಕೆಸರಾಗುತ್ತದೆ. ಡ್ರಮ್ಸ್‌ನಲ್ಲಿ ಮುಚ್ಚಿದ ಹೈ-ಹ್ಯಾಟ್ ಬಾರಿಸಿದ ಕೂಡಲೇ ತೆರೆದದ್ದು ನಿಲ್ಲುತ್ತದಲ್ಲ, ಅದಕ್ಕೆ ಮಾಡ್ಯೂಲ್‌ನೊಳಗೆ ಒಂದು ಏರ್ಪಾಡು ಇದೆ: ಒಂದೇ ಗುಂಪಿನ ಸಂಖ್ಯೆ ಕೊಟ್ಟ ಸದ್ದುಗಳಲ್ಲಿ ಹೊಸದು ಹಳೆಯದನ್ನು ಕಡಿಯುತ್ತದೆ. ಡೋಲಕ್‌ನ ಎಡದ ಸದ್ದುಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ. ಒಂದೇ ಚರ್ಮದ ಮೇಲೆ ಎರಡು ಪೆಟ್ಟು ಏಕಕಾಲಕ್ಕೆ ಉಳಿಯುವುದಿಲ್ಲ ಎಂಬ ನಿಯಮ ಆಗ ಯಂತ್ರಕ್ಕೂ ಅನ್ವಯವಾಗುತ್ತದೆ.

ತಬಲಾ ಸದ್ದಿನ ಶ್ರುತಿಯ ಬಗ್ಗೆ ಒಂದು ಎಚ್ಚರಿಕೆ. ಗಾಯಕಿಯ ಹಾಡು ಐದೂವರೆ ಮನೆ, ಗಾಯಕನದು ಒಂದು ಮನೆ ಎಂದುಕೊಳ್ಳಿ. ಒಂದೇ ತಬಲಾ ಕಿಟ್‌ನಲ್ಲಿ ಎರಡಕ್ಕೂ ನುಡಿಸಿದರೆ ಬಲದ ಸದ್ದು ಒಂದರಲ್ಲಿ ಅಪಶ್ರುತಿ. ಕೀಬೋರ್ಡ್‌ನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಷಡ್ಜ ಹಿಡಿಸಿ, ಶ್ರುತಿಗೊಂದು ನಕಲು ಕಿಟ್ ಮಾಡಿಟ್ಟುಕೊಳ್ಳಿ. 200 ಜಾಗ ಇರುವುದು ಅದಕ್ಕೇ. ಆದರೆ ಮೂರು ನಾಲ್ಕು ಸೆಮಿಟೋನ್ ದಾಟಿ ಏರಿಸಬೇಡಿ. ಯಂತ್ರ ಶ್ರುತಿ ಏರಿಸುವುದು ಧ್ವನಿಮುದ್ರಿಕೆಯನ್ನು ಬೇಗ ಓಡಿಸಿದಂತೆ. ಪೂರ್ತಿ ಒಂದು ಸ್ಥಾಯಿ ಏರಿಸಿದರೆ ಸದ್ದಿನ ಉದ್ದ ಅರ್ಧವಾಗುತ್ತದೆ. ಸ್ವಲ್ಪ ಏರಿಸಿದರೆ ಬಿಗಿ, ಹೆಚ್ಚು ಏರಿಸಿದರೆ ಜಾತ್ರೆಯ ಆಟಿಕೆ. ಅಷ್ಟು ದೂರ ಹೋಗಬೇಕಾದರೆ ಬೇರೆ ತಬಲಾ ಸದ್ದನ್ನೇ ಆರಿಸಿಕೊಳ್ಳುವುದು ಲೇಸು.

ಹೊರಗಿನ ಸದ್ದನ್ನು ತುಂಬುವ ಅವಕಾಶವೂ ನಿಮ್ಮಲ್ಲಿದೆ, 64 ಎಂಬಿ ಜಾಗ. 16 ಬಿಟ್, 44.1 ಕಿಲೋಹರ್ಟ್ಸ್ (ಸಿಡಿಯ ಗುಣಮಟ್ಟ), ಮೋನೋದಲ್ಲಿ ಲೆಕ್ಕ ಹಾಕಿದರೆ ಹನ್ನೆರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು, ಸ್ಟೀರಿಯೋದಲ್ಲಿ ಅದರ ಅರ್ಧ. ತಮಟೆಯ ಒಂದು ಪೆಟ್ಟು ಅರ್ಧ ಸೆಕೆಂಡೂ ಇರುವುದಿಲ್ಲ, ಆದ್ದರಿಂದ ಇದು ಸಾಗರ. ಮುಂದೆ ನಿಮ್ಮ ಊರಿನ ತಮಟೆಯವರನ್ನೇ ಕರೆದು ಬಯಲಿನಲ್ಲಿ ಒಂದು ಬೆಳಗ್ಗೆ ಮುದ್ರಿಸಿಕೊಳ್ಳಿ. ಅವರಿಗೆ ಸಂಭಾವನೆ ಕೊಡಿ.

ಈಗ ವೇದಿಕೆಯ ಗುಮ್ಮೆನ್ನುವ ಸದ್ದು. ಇದು ನಿಮ್ಮ ಕಿವಿಯ ತಪ್ಪೂ ಅಲ್ಲ, ಸೌಂಡ್‌ನವರ ತಪ್ಪೂ ಪೂರ್ತಿಯಾಗಿ ಅಲ್ಲ. ಮನುಷ್ಯನ ಕಿವಿ ಕಡಿಮೆ ಸದ್ದಿನಲ್ಲಿ ಮಂದ್ರವನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ, ಸದ್ದು ಜೋರಾದಂತೆ ಮಂದ್ರ ಉಬ್ಬಿ ಬರುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಇದನ್ನು ಅಳೆದು ನಕ್ಷೆ ಮಾಡಿ ತೋರಿಸಿದರು. ನೀವು ರಾತ್ರಿ ಮನೆಯವರು ಮಲಗಿದ ಮೇಲೆ ಸಣ್ಣ ಸದ್ದಿನಲ್ಲಿ ಕಿಟ್ ಮಾಡಿದಿರಿ. ಡೋಲಕ್‌ನ ಎಡ ಸಾಲದು ಎನ್ನಿಸಿತು, ಏರಿಸಿದಿರಿ. ಒಣಗಿದಂತಿದೆ ಎಂದು ರಿವರ್ಬ್ ಸೇರಿಸಿದಿರಿ. ಮರುದಿನ ದೊಡ್ಡ ಸ್ಪೀಕರಿನಲ್ಲಿ ಆ ಎಡ ಮೂರು ಪಟ್ಟು ಉಬ್ಬಿತು. ರಿವರ್ಬ್ ಮೇಲೆ ಸಭಾಂಗಣದ ಸ್ವಂತ ಮಾರ್ದನಿ ಕೂಡಿತು. ಗುಮ್ಮೆನ್ನದೆ ಮತ್ತೇನು ಮಾಡೀತು?

ಹೆಡ್‌ಫೋನ್‌ನಲ್ಲಿ ಸದ್ದು ಆರಿಸಿ, ಪದರ ಕಟ್ಟಿ, ಶ್ರುತಿ ಕೂಡಿಸಿ. ವಾಲ್ಯೂಮ್, ಮಂದ್ರ, ರಿವರ್ಬ್ ಮೂರನ್ನು ಮಾತ್ರ ಅಲ್ಲಿ ನಿರ್ಧರಿಸಬೇಡಿ. ರಿವರ್ಬ್ ಅನ್ನು ನಾನು ವೇದಿಕೆಯ ಕಿಟ್‌ಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗೇ ಇಡುತ್ತೇನೆ. ಬೇಕಾದರೆ ಮಿಕ್ಸರ್‌ನವರು ಸೇರಿಸಿಕೊಳ್ಳಲಿ, ಸೇರಿಸುವುದು ಸುಲಭ, ನೀವು ಕೊಟ್ಟದ್ದನ್ನು ಅವರು ತೆಗೆಯಲಾರರು. ಇಡೀ ಕಿಟ್‌ನ ಪ್ಯಾಡ್‌ಗಳ ನಡುವಿನ ಹೊಂದಾಣಿಕೆಯನ್ನು ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ ಹೋಗಿ ಆ ಸ್ಪೀಕರಿನಲ್ಲೇ, ಜೋರು ಸದ್ದಿನಲ್ಲಿ ಮಾಡಿ. ನೀವು ಬಾರಿಸುವಾಗ ತಂಡದ ಒಬ್ಬರು ಕುರ್ಚಿಗಳ ಕೊನೆಯ ಸಾಲಿಗೆ ಹೋಗಿ ನಿಲ್ಲಲಿ. ನಾಲ್ಕಾರು ಊರುಗಳಲ್ಲಿ ಹೀಗೆ ತಿದ್ದಿ ಸ್ಟೋರ್ ಮಾಡಿದ ಮೇಲೆ ಕಿಟ್ ಪಕ್ವವಾಗುತ್ತದೆ, ಆಮೇಲೆ ಮುಟ್ಟುವ ಅಗತ್ಯ ಬೀಳುವುದಿಲ್ಲ.

ಕೇಬಲ್ ಬಗ್ಗೆಯೂ ಒಂದು ಮಾತು. ಹೆಡ್‌ಫೋನ್‌ನಲ್ಲಿ ಎಡಕ್ಕೂ ಬಲಕ್ಕೂ ಹರಡಿ ಚೆಂದಗಾಣಿಸಿದ ಕಿಟ್‌ಗೆ ವೇದಿಕೆಯಲ್ಲಿ ಸೌಂಡ್‌ನವರು ಒಂದೇ ಕೇಬಲ್ ಕೊಡುತ್ತಾರೆ. ಅದನ್ನು ಎಲ್/ಮೋನೋ ಎಂದು ಬರೆದ ಜಾಕ್‌ಗೆ ಹಾಕಿದರೆ ಎರಡೂ ಬದಿ ಕೂಡಿ ಬರುತ್ತದೆ. ಕತ್ತಲೆಯಲ್ಲಿ ತಡಕಾಡಿ ಇನ್ನೊಂದು ಜಾಕ್‌ಗೆ ಹಾಕಿದರೆ ಎಡಕ್ಕೆ ಇಟ್ಟ ಸದ್ದುಗಳೆಲ್ಲ ಕ್ಷೀಣವಾಗುತ್ತವೆ, ನೀವು ಕಿಟ್ ಕೆಟ್ಟಿತು ಎಂದುಕೊಂಡು ಅವಸರದಲ್ಲಿ ತಿದ್ದಿ, ಆ ತಪ್ಪನ್ನು ಸ್ಟೋರ್ ಮಾಡುತ್ತೀರಿ. ಜಾಕ್ ಪಕ್ಕ ಒಂದು ಚುಕ್ಕೆ ಬಣ್ಣ ಹಚ್ಚಿಬಿಡಿ.

ಪಕ್ಕದ ಪ್ಯಾಡ್ ನುಡಿಯುವುದಕ್ಕೂ ಕಿಟ್‌ಗೂ ಸಂಬಂಧವೇ ಇಲ್ಲ. ಇದನ್ನು ಸದ್ದು ತಿದ್ದುವ ಪುಟಗಳಲ್ಲಿ ಹುಡುಕುತ್ತಾ ಕುಳಿತರೆ ಬೆಳಗಾಗುತ್ತದೆ. ಪ್ಯಾಡ್‌ನ ರಬ್ಬರಿನ ಕೆಳಗೆ ಪೆಟ್ಟಿನ ಅದುರನ್ನು ವಿದ್ಯುತ್ತಾಗಿ ಬದಲಿಸುವ ಸೆನ್ಸರ್ ಇರುತ್ತದೆ. ಮಾಡ್ಯೂಲ್ ಆ ವಿದ್ಯುತ್ತಿನ ಪ್ರಮಾಣ ನೋಡಿ ಪ್ರತಿ ಪೆಟ್ಟಿಗೂ 1ರಿಂದ 127ರವರೆಗೆ ಒಂದು ಅಂಕ ಕೊಡುತ್ತದೆ. ಎಲ್ಲ ಪ್ಯಾಡ್‌ಗಳೂ ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ಒಂದರ ಅದುರು ಪಕ್ಕದ್ದಕ್ಕೂ ತಾಗುತ್ತದೆ. ಎಷ್ಟು ಅದುರನ್ನು ಪೆಟ್ಟು ಎನ್ನಬೇಕು, ಎಷ್ಟನ್ನು ಉಪೇಕ್ಷಿಸಬೇಕು ಎಂಬ ತೀರ್ಮಾನ ಟ್ರಿಗರ್ ಸೆಟ್ಟಿಂಗ್‌ನದು. ನಿಮ್ಮ ಯಂತ್ರವನ್ನು ಕೋಲಿನಿಂದ ಮಾತ್ರವಲ್ಲ, ಅಂಗೈಯಿಂದ, ಬೆರಳಿನಿಂದಲೂ ನುಡಿಸಬಹುದು. ಅದಕ್ಕೆ ತಕ್ಕ ಟ್ರಿಗರ್ ಹೊಂದಿಕೆಗಳನ್ನು ಕಂಪನಿಯವರೇ ಸಿದ್ಧಮಾಡಿ ಇಟ್ಟಿದ್ದಾರೆ. ನನ್ನ ಅನುಮಾನ ಇಷ್ಟು: ಹಿಂದಿನ ಮಾಲೀಕರು ಬೆರಳಿನಲ್ಲಿ ತಬಲಾ ನುಡಿಸುತ್ತಿದ್ದವರು, ಯಂತ್ರವನ್ನು ಬೆರಳಿನ ಹೊಂದಿಕೆಯಲ್ಲೇ ಬಿಟ್ಟು ಮಾರಿದ್ದಾರೆ. ಬೆರಳಿನ ಮೆಲು ಸ್ಪರ್ಶಕ್ಕೆ ಕಿವಿಗೊಟ್ಟು ಕುಳಿತ ಯಂತ್ರಕ್ಕೆ ನೀವು ಕೋಲಿನಿಂದ ಬಡಿದರೆ ಅಕ್ಕಪಕ್ಕದ ಮನೆಯವರೆಲ್ಲ ಎದ್ದು ಬರುವುದು ಸಹಜ. ಟ್ರಿಗರ್ ಪುಟಕ್ಕೆ ಹೋಗಿ ಕೋಲಿನ ಹೊಂದಿಕೆ ಆರಿಸಿ ನೋಡಿ.

ಆಮೇಲೂ ಒಂದೆರಡು ಕಡೆ ಉಳಿದರೆ ಮೊದಲು ಸ್ಟ್ಯಾಂಡ್ ನೋಡಿ. ಸಡಿಲ ಸ್ಟ್ಯಾಂಡ್, ಅದಕ್ಕೇ ಸಿಕ್ಕಿಸಿದ ಸಿಂಬಲ್, ಹಲಗೆಯ ವೇದಿಕೆ, ಕಾಲಬುಡದಲ್ಲಿ ಬಾಸ್ ಮಾನಿಟರ್ ಇವೆಲ್ಲ ಅದುರನ್ನು ತಂದು ಸುರಿಯುತ್ತವೆ. ಅದಾದ ಮೇಲೆ ಕ್ರಾಸ್‌ಟಾಕ್ (ಪಕ್ಕದ್ದೂ ನುಡಿಯುವ ತೊಂದರೆ) ತಡೆಯುವ ಅಂಕವನ್ನು ಒಂದೊಂದೇ ಹೆಜ್ಜೆ ಏರಿಸಿ. ಒಮ್ಮೆಗೇ ಏರಿಸಿದರೆ ಎರಡು ಪ್ಯಾಡ್‌ಗಳನ್ನು ಒಟ್ಟಿಗೆ ಬಾರಿಸಿದಾಗ ಒಂದು ನುಂಗಿಹೋಗುತ್ತದೆ.

ಇಲ್ಲೊಂದು ಗುಟ್ಟು ಇದೆ, ಹೊಸಬರು ಎಡವುವುದು ಇಲ್ಲಿಯೇ. ಸದ್ದು, ಶ್ರುತಿ, ಪದರ, ರಿವರ್ಬ್ ಇವು ಕಿಟ್‌ಗೆ ಸೇರಿದವು. ಒಂದು ಕಿಟ್‌ನಲ್ಲಿ ಬದಲಾಯಿಸಿದರೆ ಇನ್ನೊಂದಕ್ಕೆ ತಾಗುವುದಿಲ್ಲ. ಟ್ರಿಗರ್‌ನ ಸೂಕ್ಷ್ಮತೆ, ಕ್ರಾಸ್‌ಟಾಕ್, ಇಡೀ ಯಂತ್ರದ ಮೂಲ ಶ್ರುತಿ ಇವು ಸಾಮಾನ್ಯವಾಗಿ ಯಂತ್ರಕ್ಕೆ ಸೇರಿದವು. ‘ಈ ಕಿಟ್‌ನಲ್ಲಿ ಸ್ವಲ್ಪ ಮೆದು ಬೇಕು’ ಎಂದು ಟ್ರಿಗರ್ ಸೂಕ್ಷ್ಮತೆ ಇಳಿಸಿದರೆ ನಿಮ್ಮ ಎಲ್ಲ ಕಿಟ್‌ಗಳೂ ಮೆದುವಾಗುತ್ತವೆ. ಏನನ್ನೇ ಮುಟ್ಟುವ ಮುಂಚೆ ಅದು ಕೋಣೆಯ ಸ್ವಿಚ್ಚೋ ಮನೆಯ ಮೇನ್ ಸ್ವಿಚ್ಚೋ ಎಂದು ಒಮ್ಮೆ ಕೇಳಿಕೊಳ್ಳಿ. ಎರಡನ್ನೂ ಉಳಿಸಬೇಕಾದದ್ದು ಬೇರೆ ಬೇರೆಯಾಗಿಯೇ: ಟ್ರಿಗರ್ ಪುಟದಲ್ಲಿ ಮಾಡಿದ್ದಕ್ಕೆ ಆ ಪುಟದಲ್ಲೇ ಸ್ಟೋರ್.

ಯಂತ್ರದೊಳಗೆ ಉಳಿಸಿದ್ದು ಅರ್ಧ ಕೆಲಸ, ಪೆನ್ ಡ್ರೈವ್‌ಗೆ ತೆಗೆದಿಟ್ಟುಕೊಂಡರೆ ಪೂರ್ತಿ. ಇದನ್ನು ನಾನು ಕಲಿತದ್ದು ಒಂದು ಗಣೇಶೋತ್ಸವದ ರಾತ್ರಿ. ಯಂತ್ರದ ಹೆಸರು ಬೇಡ, ತಪ್ಪು ಅದರದಲ್ಲ. ಕಾರ್ಯಕ್ರಮಕ್ಕೆ ಮುಂಚೆ ಇನ್ನೊಂದು ತಂಡದ ಹುಡುಗರೊಬ್ಬರು ಒಳ್ಳೆಯ ಡೊಳ್ಳಿನ ಕಿಟ್ ಇದೆ ಎಂದು ಪೆನ್ ಡ್ರೈವ್ ಕೊಟ್ಟರು. ಲೋಡ್ ಒತ್ತಿದೆ. ಖಚಿತವೇ ಎಂದು ಯಂತ್ರ ಕೇಳಿತು, ಖಚಿತ ಎಂದೆ. ಆ ಕಡತ ಒಂದು ಕಿಟ್‌ನದಾಗಿರಲಿಲ್ಲ, ಅವರ ಇಡೀ ಯಂತ್ರದ್ದಾಗಿತ್ತು. ಮೂರು ವರ್ಷಗಳಲ್ಲಿ ಕಟ್ಟಿದ ನನ್ನ ಎಲ್ಲ ಕಿಟ್‌ಗಳ ಜಾಗದಲ್ಲಿ ಅವರವು ಬಂದು ಕುಳಿತವು. ಡೊಳ್ಳು ನಿಜಕ್ಕೂ ಚೆನ್ನಾಗಿತ್ತು. ಅಂದು ರಾತ್ರಿ ಭಾವಗೀತೆಯಿಂದ ಹಿಡಿದು ಜಾನಪದದವರೆಗೆ ಎಲ್ಲಕ್ಕೂ ಯಾರದೋ ಕಿಟ್‌ಗಳಲ್ಲಿ ತಡಕಾಡುತ್ತಾ ನುಡಿಸಿದೆ.

ಪೆನ್ ಡ್ರೈವ್‌ಗೆ ಉಳಿಸುವಾಗ ನಿಮ್ಮ ಯಂತ್ರ ಏನನ್ನು ಎಂದು ಕೇಳುತ್ತದೆ: ಸಮಸ್ತವೂ, ಕಿಟ್‌ಗಳು ಮಾತ್ರ, ಟ್ರಿಗರ್ ಮಾತ್ರ, ಹೀಗೆ. ತಿಂಗಳಿಗೊಮ್ಮೆ ಸಮಸ್ತವನ್ನೂ ಒಂದು ಕಡತದಲ್ಲಿ, ಕಿಟ್‌ಗಳನ್ನು ಬೇರೆ ಕಡತದಲ್ಲಿ ಉಳಿಸಿ. ಹೆಸರಿನಲ್ಲಿ ದಿನಾಂಕ ಇರಲಿ, ಹಳೆಯದರ ಮೇಲೆ ಬರೆಯದೆ ಹೊಸದಾಗಿ ಮಾಡಿ. ನೀವೇ ತುಂಬಿದ ಸದ್ದುಗಳಿದ್ದರೆ ಸಮಸ್ತದ ಕಡತವನ್ನೇ ನಂಬಿ, ಬರೀ ಕಿಟ್‌ನ ಕಡತ ವಿಳಾಸಪಟ್ಟಿ ಎಂದು ಆಗಲೇ ಹೇಳಿದೆನಲ್ಲ. ಬರೆಯುತ್ತಿರುವಾಗ ಡ್ರೈವ್ ಕೀಳಬಾರದು, ವಿದ್ಯುತ್ ಹೋಗಬಾರದು. ಆದ್ದರಿಂದ ಈ ಕೆಲಸವನ್ನು ಮನೆಯಲ್ಲಿ ಮಾಡಿ, ಜನರೇಟರ್ ಮೇಲೆ ನಡೆಯುವ ವೇದಿಕೆಯಲ್ಲಿ ಬೇಡ. ಬೇರೆಯವರ ಡ್ರೈವ್ ಬಂದರೆ ಮೊದಲು ನಿಮ್ಮದನ್ನು ಉಳಿಸಿ, ಆಮೇಲೆ ಅವರದನ್ನು ತೆರೆಯಿರಿ.

ಇನ್ನು ರಿಸೆಟ್. ಹಳೆಯ ಯಂತ್ರ ಕೊಂಡವರು ಒಮ್ಮೆ ರಿಸೆಟ್ ಮಾಡುವುದು ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಿಂದಿನವರು ಯಾವ ಮೇನ್ ಸ್ವಿಚ್ ಮುಟ್ಟಿದ್ದಾರೆಂದು ನಿಮಗೆ ತಿಳಿಯದು. ಆದರೆ ಅವರ ಕಿಟ್‌ಗಳು ಇನ್ನೂ ಒಳಗಿದ್ದರೆ ಅವುಗಳನ್ನು ಕೇಳಿ ನೋಡದೆ ಒರೆಸಬೇಡಿ. ವರ್ಷಗಟ್ಟಲೆ ವೇದಿಕೆಯಲ್ಲಿ ಹದಗೊಂಡ ಒಂದೆರಡು ಅದರಲ್ಲಿ ಇರಬಹುದು, ಯಂತ್ರದ ಬೆಲೆಗೆ ಬಂದ ಉಡುಗೊರೆ ಅದು. ಒಂದು ಭಾನುವಾರ ಬಿಡುವು ಮಾಡಿಕೊಂಡು ಸಮಸ್ತವನ್ನೂ ಪೆನ್ ಡ್ರೈವ್‌ಗೆ ಉಳಿಸಿ. ಕಂಪ್ಯೂಟರಿಗೆ ಇನ್ನೊಂದು ಪ್ರತಿ ಹಾಕಿ. ಆಮೇಲೆ ರಿಸೆಟ್ ಮಾಡಿ, ಕೋಲಿನ ಹೊಂದಿಕೆ ಆರಿಸಿ, ಎಲ್ಲ ಹನ್ನೆರಡು ಪ್ಯಾಡ್‌ಗಳನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಬಾರಿಸಿ ನೋಡಿ. ಸರಿಯಿದ್ದರೆ ಬೇಕಾದ ಕಿಟ್‌ಗಳನ್ನು ಮಾತ್ರ ಹಿಂದಕ್ಕೆ ತನ್ನಿ. ಸಮಸ್ತದ ಕಡತವನ್ನು ಹಾಗೆಯೇ ತುಂಬಿದರೆ ಹಳೆಯ ಟ್ರಿಗರ್ ಹೊಂದಿಕೆಯೂ ಅದರ ಬೆನ್ನಿಗೇ ಮರಳಿ ಬಂದು, ಪಕ್ಕದ ಪ್ಯಾಡ್ ಮತ್ತೆ ನುಡಿಯಲು ಶುರುಮಾಡುತ್ತದೆ.